ಚಂದ್ರಿಗೊಂದು ಪೇರಲ ಕೊಂಬೆ

ನಿಜಲಿಂಗಪ್ಪ ಬಡಾವಣೆ,
ದಾವಣಗೆರೆ
೨೨ ಜನವರಿ ೧೯೮೪

ಪ್ರೀತಿಯ ಕಸ್ತೂರಿ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬಾಕಿ ಉಳಿಯಿತು. ಸಂಕ್ರಾಂತಿಗೆ ಬರೆಯಬೇಕೆಂದು ತಂದಿಟ್ಟ ಹಾಳೆಗಳ ಮೇಲೆ ನಿನ್ನ ಅವ್ವ ಎಳ್ಳುಬೆಲ್ಲದ ತಟ್ಟೆ ಇಟ್ಟು ಒಂದು ಮೂಲೆ ಅಂಟಾಗಿದೆ. ಅದರಲ್ಲೇ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಲ್ಲಿ ನಾವು ಮೂವರೂ, ಎಂದರೆ ನಾನು, ನಿನ್ನ ಅವ್ವ, ನಿನ್ನ ಗಿಳಿ ಚಂದ್ರಿ, ಇರುವ ಹಾಗೆಯೇ ಇದ್ದೇವೆ. ನಮ್ಮ ಪತ್ರಗಳನ್ನು ಬೀಗರೇ ಜಗಲಿಯಲ್ಲಿ ಕೂತು ಮನೆಯವರಿಗೆಲ್ಲ ಓದಿ ಹೇಳುತ್ತಾರೆಂದು ನೀನು ಬರೆದಿದ್ದೆ. ಹಾಗಿದ್ದರೆ ಪಂಚಾಕ್ಷರಪ್ಪನವರಿಗೆ ನನ್ನ ನಮಸ್ಕಾರ ನೇರವಾಗಿಯೇ ಸಂದಿತು. ಅಳಿಯಂದಿರಿಗೂ ನಿನ್ನ ಅತ್ತೆಯವರಿಗೂ ಅವರೇ ತಲುಪಿಸಲಿ.

ನಿನ್ನ ಬಸುರಿಗೆ ಕುಬುಸ ಮಾಡುವ ದಿನ ಗೊತ್ತುಮಾಡಿ ತಿಳಿಸಿದರೆ ನಾವು ಬರುತ್ತೇವೆ. ಹಸಿರು ಸೀರೆ, ಕುಬುಸದ ಕಣ ಎರಡನ್ನೂ ನಿನ್ನ ಅವ್ವ ತಂದಿಟ್ಟುಕೊಂಡಿದ್ದಾಳೆ. ನಿಮ್ಮ ಮಲೆಬೆನ್ನೂರಿನಲ್ಲಿ ಕಾರ್ಯ ಮುಗಿಸಿ, ಹಾಗೇ ನಿನ್ನನ್ನು ಕರೆದುಕೊಂಡು ಬರುವುದು ಎಂದು ಅವಳ ಲೆಕ್ಕ. ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಮೊದಲ ಹೆರಿಗೆ ತವರಲ್ಲೇ ಆಗಬೇಕಲ್ಲ, ಅದರ ಉತ್ಸಾಹ.

ನೀನು ಕೇಳಿದ್ದು ಚಂದ್ರಿಯ ಕಾಲಿನ ಬಗ್ಗೆ. ಹುಣ್ಣು ಇನ್ನೂ ಪೂರ್ತಿ ಆರಿಲ್ಲ. ದನದ ಆಸ್ಪತ್ರೆಯ ಡಾಕ್ಟರು ನೋಡಿ, ಔಷಧಿಯಿಂದ ಇದು ಹೋಗುವುದಿಲ್ಲ, ಪಂಜರದ ಸಲಾಕೆ ತೆಗೆಯಿರಿ ಎಂದರು. ಒಂದೇ ದಪ್ಪದ ನುಣುಪು ಕಬ್ಬಿಣವನ್ನು ವರ್ಷಗಟ್ಟಲೆ ಹಿಡಿದು ಕೂತರೆ ಅಂಗಾಲಿನ ಒಂದೇ ಜಾಗದ ಮೇಲೆ ಭಾರ ಬೀಳುತ್ತದಂತೆ. ಹಕ್ಕಿಗೆ ಬೇಕಾದದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಲ್ಲಲ್ಲಿ ಗಂಟು ಇರುವ ಮರದ ಕೊಂಬೆ. ಹಳೆಯ ಪಂಜರ ಬಿಟ್ಟು ದೊಡ್ಡ ಗೂಡನ್ನೇ ಮಾಡೋಣವೆಂದು ಖಾಜಾ ಹುಸೇನನಿಗೆ ಹೇಳಿದೆ. ಕಟ್ಟಿಗೆ ಅಡ್ಡೆಯಲ್ಲಿ ಕೆಲಸ ಮಾಡುವ ನಮ್ಮ ಖಾಜಾ, ನಿನಗೆ ಗೊತ್ತಲ್ಲ. ವರಾಂಡದ ಮೂಲೆಗೆ ಜಾಲರಿ ಹೊಡೆದು ಆಳೆತ್ತರದ ಗೂಡು ಮಾಡಿಕೊಟ್ಟ. ಕೊಂಬೆ ಹುಡುಕುವುದು ನನ್ನ ಪಾಲಿಗೆ ಬಂತು.

ಮರಕ್ಕೇನು ಬರ ಎನಿಸುತ್ತದೆ. ಹುಡುಕಹೊರಟರೆ ಒಂದೊಂದಕ್ಕೆ ಒಂದೊಂದು ದೋಷ. ನಿನ್ನ ಅವ್ವ ಬಾಗಿಲಲ್ಲಿ ನಿಂತು, ‘ಮನೆ ಮುಂದೆ ಕಣಗಿಲೆ ಐತೆ, ನೆಟ್ಟಗೆ ಬೆಳೆದೈತೆ, ಅದನ್ನ ಬಿಟ್ಟು ಊರೆಲ್ಲ ಸುತ್ತತೀರಲ್ಲ’ ಎಂದಳು. ಪೂಜೆಗೆ ಹೂ ಕೊಡುವ ಗಿಡ ವಿಷದ್ದು ಎಂದರೆ ಅವಳಿಗೆ ನಂಬಿಕೆಯಿಲ್ಲ. ಕಣಗಿಲೆಯ ಎಲೆಯಷ್ಟೇ ಅಲ್ಲ, ಕಟ್ಟಿಗೆಯೂ ವಿಷ. ಗಿಳಿ ಕೂರುವುದಷ್ಟೇ ಅಲ್ಲ, ಕೂತದ್ದನ್ನು ಕಡಿಯುತ್ತದೆ. ಎಕ್ಕ, ಕಳ್ಳಿ, ಹಾಲು ಬರುವ ಇಂಥವನ್ನೆಲ್ಲ ಹಾಗೇ ಬಿಟ್ಟೆ. ಬೀದಿಯ ಬೇವು ಒಳ್ಳೆಯದು. ಆದರೆ ಸೊಳ್ಳೆಗೆಂದು ಚರಂಡಿಗೆ ಹೊಡೆದ ಔಷಧಿ ಅದರ ಬುಡದವರೆಗೂ ಬಿಳಿಯಾಗಿ ಕೂತಿತ್ತು. ಪಕ್ಕದ ಮನೆಯ ಚೌಡವ್ವನ ಹಿತ್ತಲಲ್ಲಿ ಪೇರಲ ಗಿಡವಿದೆ. ಇರುವೆ ಹತ್ತುತ್ತವೆಂದು ಅದಕ್ಕೆ ಗ್ಯಾಮಕ್ಸಿನ್ ಪುಡಿ ಹಾಕಿದ್ದಾಳೆ.

ಪರೀಕ್ಷೆಯ ಕೆಲಸಕ್ಕೆ ಹರಿಹರಕ್ಕೆ ಹೋಗಿದ್ದಾಗ ಹೊಳೆಯ ದಂಡೆಯಲ್ಲಿ ಒಂದು ಕೊಂಬೆ ಸಿಕ್ಕಿತು. ಮಳೆಗಾಲದ ನೀರಿನಲ್ಲಿ ತೇಲಿ ಬಂದು, ಬಿಸಿಲಿಗೆ ಬೆಳ್ಳಿಯ ಬಣ್ಣ ತಿರುಗಿ, ಎಲುಬಿನಂತೆ ಹಗುರವಾಗಿತ್ತು. ನನ್ನಂಥ ಡ್ರಾಯಿಂಗ್ ಮೇಷ್ಟ್ರ ಕಣ್ಣಿಗೆ ಅದಕ್ಕಿಂತ ಚೆಂದದ್ದು ಸಿಗಲಾರದು. ಬಸ್‌ಸ್ಟ್ಯಾಂಡಿನವರೆಗೆ ಹೆಗಲ ಮೇಲೆ ಹೊತ್ತು ತಂದೆ. ಯಾವ ಮರದ್ದು, ಯಾವ ನೀರು ಕುಡಿದದ್ದು ಎಂದು ನನಗೆ ತಿಳಿಯದು. ಕಡೆಗೆ ಟಿಕೆಟ್ ಕೌಂಟರಿನ ಗೋಡೆಗೆ ಒರಗಿಸಿಟ್ಟು ಬಸ್ಸು ಹತ್ತಿದೆ.

ಕೊನೆಗೆ ಖಾಜಾನೇ ತನ್ನ ಮನೆಯ ಹಿಂದಿನ ಪೇರಲ ಕೊಂಬೆ ಕಡಿದುಕೊಟ್ಟ. ಅವನ ಉರ್ದು ಮಾತಿನಲ್ಲಿ ಅದು ‘ಜಾಮ್’. ಮೊದಲು ನಾನು ನೇರಳೆ ಎಂದುಕೊಂಡೆ. ಎಲೆ ನೋಡಿದ ಮೇಲೆ ಇಬ್ಬರೂ ನಕ್ಕೆವು. ಆ ಗಿಡಕ್ಕೆ ಅವನ ಹೆಂಡತಿ ಮಾಬೂಬೀ ತೊಳೆದ ಪಾತ್ರೆಯ ನೀರು ಬಿಟ್ಟು ಬೇರೇನೂ ಹಾಕಿದವಳಲ್ಲ. ಒಂದು ಡಬ್ಬಿಯಲ್ಲಿ ಗೇರೆಣ್ಣೆಯನ್ನೂ ಹಿಡಿದುಕೊಂಡು ಬಂದಿದ್ದ. ‘ಎರಡು ಕೈ ಹೊಡೀರಿ ಮೇಷ್ಟ್ರೇ, ಹತ್ತು ವರ್ಷ ಗೆದ್ದಲು ಮುಟ್ಟಲ್ಲ’ ಎಂದ. ಗಿಳಿಯ ಬಾಯಿ ಸುಟ್ಟೀತು, ಬೇಡ ಎಂದೆ. ಎಣ್ಣೆಯಿಲ್ಲ, ವಾರ್ನಿಶ್ ಇಲ್ಲ, ಮೊಳೆಯೂ ಇಲ್ಲ ಎಂದಾಗ ಅವನಿಗೆ ಸ್ವಲ್ಪ ಅವಮಾನವೇ ಆಯಿತು. ಗಿಳಿ ಕಡಿದು ಹಾಳುಮಾಡುವುದಕ್ಕೆಂದೇ ಇಡುವ ಕಟ್ಟಿಗೆ ಅದು, ಹಾಳಾದಾಗ ಇನ್ನೊಂದು ಕಡಿಯೋಣ ಎಂದು ಸಮಾಧಾನ ಮಾಡಿದೆ.

ಹಸಿ ಇರುವಾಗಲೇ ತೊಗಟೆ ಸುಲಿದೆ. ಹುಳ ಮೊಟ್ಟೆ ಇಡುವುದು ಅದರ ಕೆಳಗೆ. ಗಾಜಿನ ಚೂರಿನಿಂದ ಕೆರೆದು ಸಿಬಿರುಗಳನ್ನು ತೆಗೆದು, ಕತ್ತದ ನಾರಿನಿಂದ ಉಜ್ಜಿ, ಉಪ್ಪುನೀರಿನಲ್ಲಿ ನೆನೆಹಾಕಿ, ಮರುದಿನ ಬಚ್ಚಲ ಹಂಡೆಯಲ್ಲಿ ಕುದಿಸಿದೆ. ಕೊಂಬೆ ಉದ್ದ, ಒಂದು ತುದಿ ಮುಳುಗಿದರೆ ಇನ್ನೊಂದು ಏಳುತ್ತದೆ. ತಿರುಗಿಸಿ ತಿರುಗಿಸಿ ಕುದಿಸಬೇಕಾಯಿತು. ಆಗ ಕೈಗೆ ಸ್ವಲ್ಪ ಬಿಸಿನೀರು ತಾಗಿದೆ. ನಿನ್ನ ಅವ್ವ ಬಟ್ಟೆ ಕಟ್ಟಿದ್ದಾಳೆ. ಅಕ್ಷರ ಕೆಟ್ಟಿರುವುದು ಅದಕ್ಕೆ. ಈಗ ಕೊಂಬೆ ಮಾಳಿಗೆಯ ಮೇಲೆ ಒಣಗುತ್ತಿದೆ. ಒಳಗಿನ ಪಸೆ ಪೂರ್ತಿ ಹೋಗದೆ ಗೂಡಿಗೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಚಂದ್ರಿ ಅಲ್ಲಿಯವರೆಗೆ ಜಾಲರಿಗೆ ಜೋತುಬಿದ್ದು ನನ್ನನ್ನು ತಲೆಕೆಳಗಾಗಿ ನೋಡುತ್ತಿರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಾವಿಯ ನೀರು ಸೇದಲು ಹೋಗಬೇಡ. ನಿನಗೂ ಹೊಟ್ಟೆಯಲ್ಲಿರುವುದಕ್ಕೂ ಒಳ್ಳೆಯದಾಗಲಿ ಎಂದು ಇಬ್ಬರೂ ಹರಸುತ್ತೇವೆ.

ನಿನ್ನ ಅಪ್ಪಾಜಿ,
ಶಿವಯೋಗಪ್ಪ

ಮರೆತಿದ್ದೆ: ಪಕ್ಕದ ಮನೆಯ ಚೌಡವ್ವನ ತಂಗಿ ನಿಮ್ಮ ಊರಿನಲ್ಲೇ ಇರುವುದು. ಅವರ ಕಡೆಯಿಂದ ನನ್ನ ಬಗ್ಗೆ ಏನಾದರೂ ಕೇಳಿಬಂದರೆ ನಂಬುವ ಅಗತ್ಯವಿಲ್ಲ.


ದಾವಣಗೆರೆ
೧೨ ಫೆಬ್ರವರಿ ೧೯೮೪

ಕಸ್ತೂರಿ,

ಇದನ್ನು ಅಂಚೆಗೆ ಹಾಕಲಿಲ್ಲ. ಬಳೆ ಮಾರಲು ನಿಮ್ಮ ಸಂತೆಗೆ ಬರುವ ಮಾಬೂಬೀಯ ಕೈಯಲ್ಲಿ ಕೊಟ್ಟಿದ್ದೇನೆ. ನಿನ್ನ ಕೈಗೆ ಬಳೆ ಇಡಿಸುವ ನೆಪದಲ್ಲಿ ಅವಳು ಒಳಗೆ ಬರುತ್ತಾಳೆ. ಒಬ್ಬಳೇ ಇದ್ದಾಗ ಓದಿ ಒಲೆಗೆ ಹಾಕು. ಜಗಲಿಯ ಮೇಲೆ ಓದುವ ಪತ್ರದಲ್ಲಿ ಗಿಳಿಯ ವಿಷಯ ಬರೆಯಬಹುದು, ಇದನ್ನು ಬರೆಯಲಾಗುವುದಿಲ್ಲ. ಮೊದಲೇ ತಿಳಿಸದಿದ್ದುದಕ್ಕೆ ಕಾರಣ ಕೇಳಬೇಡ. ಮೊದಲು ನನಗೇ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬರೆಯುವ ಭಾಷೆ ಸಿಗಲಿಲ್ಲ.

ಹಂಡೆಯ ವಿಷಯದಲ್ಲಿ ನಾನು ಬರೆದದ್ದು ಅರ್ಧ. ನೀರು ಹಾರಿ ತಾಗಿದ್ದಲ್ಲ. ಮೇಲೆ ತೇಲುತ್ತಿದ್ದ ಕೊಂಬೆಯ ತುದಿಯನ್ನು ನಾನು ಬಲಗೈಯಿಂದ ಒತ್ತಿ ಹಿಡಿದಿದ್ದೆ. ಅಂಗೈ, ನಾಲ್ಕು ಬೆರಳು ನೀರಿನೊಳಗೆ ಇದ್ದವು. ನೀರು ಇನ್ನೂ ಕಾದಿಲ್ಲವೆಂದೇ ನನ್ನ ಎಣಿಕೆ. ಒಲೆಯ ಉರಿ ಸಾಲದೇನೋ ಎಂದು ಬಗ್ಗಿ ನೋಡುತ್ತಿದ್ದೆ. ಚೌಡವ್ವ ಒಲೆಗೆ ಕೆಂಡ ಕೇಳಲು ಬಂದವಳು ಬಚ್ಚಲ ಬಾಗಿಲಲ್ಲಿ ನಿಂತು, ‘ಅಯ್ಯೋ ಮೇಷ್ಟ್ರೇ, ನೀರು ಕೊತಕೊತ ಕುದೀತೈತೆ’ ಎಂದಳು. ನಾನು ತಿರುಗಿ ನೋಡಿದೆ. ನಿಜವಾಗಿಯೂ ಕುದಿಯುತ್ತಿತ್ತು. ಹೆಬ್ಬೆರಳಿನ ಬುಡಕ್ಕೆ ಬಿಸಿ ಹತ್ತಿದ್ದು ಆಮೇಲೆ. ಕೈ ತೆಗೆದೆ. ಕೆಂಪಾಗಿತ್ತು, ಅಷ್ಟೇ. ಯಾರದೋ ಕೈಯನ್ನು ನೋಡಿಕೊಂಡಂತೆ ಅದನ್ನು ನೋಡಿಕೊಂಡೆ. ಬೊಬ್ಬೆಗಳು ಎದ್ದದ್ದು ಸಂಜೆಗೆ, ಚೌಡವ್ವ ಹೋದ ಮೇಲೆ.

ಅವಳು ಕಂಡದ್ದು ಕುದಿಯುವ ನೀರಿನಲ್ಲಿ ಕೈಯಿಟ್ಟು ಉಸ್ ಎನ್ನದೆ ನಿಂತ ಮನುಷ್ಯನನ್ನು. ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ಬಂದರು. ವೀರಭದ್ರನ ಕೆಂಡ ಹಾಯುವವರ ಕಾಲು ಸುಡುವುದಿಲ್ಲವಲ್ಲ, ಇದೂ ಹಾಗೇ ಎಂದು ಚೌಡವ್ವ ವಿವರಿಸಿದಳು. ಬಟ್ಟೆ ಕಟ್ಟಿಕೊಂಡದ್ದನ್ನು ನೋಡಿ, ಪವಾಡವನ್ನು ತೋರಿಸಿಕೊಳ್ಳದ ದೊಡ್ಡಗುಣ ಎಂದರು. ಒಬ್ಬಳು ಕೂಸನ್ನು ತಂದು ನನ್ನ ಕಾಲ ಬಳಿ ಮಲಗಿಸಿದಳು. ನಿನ್ನ ಅವ್ವ ಒಳಗಿನಿಂದ ಬಾಳೆಹಣ್ಣು ತಂದು ಅವರಿಗೆ ಕೊಟ್ಟಳು. ಅವಳ ಮುಖದಲ್ಲಿ ಒಂದು ಬಗೆಯ ಬೆಳಕಿತ್ತು. ಮದುವೆಯಾದಾಗಿನಿಂದ ನನ್ನ ವಿಷಯಕ್ಕೆ ಅವಳು ಹೆಮ್ಮೆಪಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಏನು ಹೇಳಲಿ?

ಶಾಲೆಯಲ್ಲಿ ಸುಣ್ಣದಕಡ್ಡಿ ಕೈಯಿಂದ ಜಾರುವುದು ಕಳೆದ ವರ್ಷದಿಂದಲೇ ಇತ್ತು. ಜೋಮು ಹಿಡಿದಿದೆ ಎಂದುಕೊಂಡಿದ್ದೆ. ಮೊಳಕೈಯ ಕೆಳಗೆ ತಾಮ್ರದ ಬಣ್ಣದ ಒಂದು ಮಚ್ಚೆ, ಅದನ್ನು ಗಜಕರ್ಣವೆಂದುಕೊಂಡಿದ್ದೆ. ನಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಆರೋಗ್ಯ ಇಲಾಖೆಯವರ ಬರಹವಿದೆಯಲ್ಲ, ‘ಸ್ಪರ್ಶಜ್ಞಾನವಿಲ್ಲದ ಮಚ್ಚೆ’ ಎಂದು ಶುರುವಾಗುವುದು. ಅದನ್ನು ಬರೆದವನು ನಾನೇ. ಗೋಡೆ ಸಾಲದೆ ‘ಸ್ಪರ್ಶಜ್ಞಾನ’ ಎನ್ನುವ ಪದವನ್ನು ಇಕ್ಕಟ್ಟು ಮಾಡಿ ಬರೆಯಬೇಕಾಗಿ ಬಂದಿತ್ತು. ಒತ್ತಕ್ಷರಗಳು ಒಂದಕ್ಕೊಂದು ತಾಗದಂತೆ ಕೂರಿಸುವುದರಲ್ಲೇ ನನ್ನ ಗಮನವೆಲ್ಲ. ಪ್ರತಿದಿನ ಅದರ ಮುಂದೆ ಸೈಕಲ್ ನಿಲ್ಲಿಸುತ್ತೇನೆ. ಹಂಡೆಯ ಸಂಗತಿ ಆದ ಮೇಲಿನ ಸೋಮವಾರವೇ ಅದನ್ನು ನಾನು ಮೊದಲ ಸಲ ಓದಿದ್ದು.

ದಾವಣಗೆರೆಯಲ್ಲಿ ಬೇಡವೆಂದು ಹರಿಹರದ ಚರ್ಮದ ಡಾಕ್ಟರ ಹತ್ತಿರ ಹೋದೆ. ಕಣ್ಣು ಮುಚ್ಚಿಕೊಳ್ಳಿ, ಹತ್ತಿಯ ಎಳೆಯಿಂದ ಮುಟ್ಟುತ್ತೇನೆ, ಮುಟ್ಟಿದಾಗಲೆಲ್ಲ ಹೇಳಿ ಎಂದರು. ಮುಚ್ಚಿಕೊಂಡು ಕೂತೆ. ಎಡಗೈ, ಕಾಲು, ಬೆನ್ನು ಆದವು, ಹೇಳಿದೆ. ಬಲಗೈಗೆ ಯಾವಾಗ ಶುರುಮಾಡುತ್ತಾರೋ ಎಂದು ಕಾಯುತ್ತಿದ್ದೆ. ಕಣ್ಣು ತೆರೆಯಿರಿ ಎಂದರು. ಮುಗಿದಿತ್ತು.

ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ನೀನು ಓದಿದವಳು. ಇದು ಕುಷ್ಠ. ವಾಸಿಯಾಗುವ ರೋಗ. ಮಾತ್ರೆ ಶುರುವಾದ ಮೇಲೆ ನನ್ನಿಂದ ಇನ್ನೊಬ್ಬರಿಗೆ ಹರಡುವ ಭಯವಿಲ್ಲ. ಬಾಣಂತಿಯೂ ಕೂಸೂ ಮನೆಯಲ್ಲಿ ಇರಬಹುದು. ಮಾತ್ರೆ ಆಗಲೇ ಶುರುವಾಗಿದೆ. ಹೋದ ಸ್ಪರ್ಶ ತಿರುಗಿ ಬರುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಒಂದು ಮನೆಯಲ್ಲಿ ಬಹುಕಾಲ ಇದ್ದವರನ್ನು ಒಮ್ಮೆ ಪರೀಕ್ಷೆ ಮಾಡಬೇಕು ಎಂದರು. ನಿನ್ನ ಅವ್ವನನ್ನು ನೋಡಿದರು, ಅವಳಿಗೇನೂ ಇಲ್ಲ. ನೀನೂ ಒಮ್ಮೆ ತೋರಿಸಿಕೊಳ್ಳಬೇಕು. ಈ ಪತ್ರ ಬರೆಯಲೇಬೇಕಾಗಿ ಬಂದದ್ದು ಅದಕ್ಕೆ. ಮಾಬೂಬೀ ನಿನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋಗುತ್ತಾಳೆ. ಹರಿಹರೇಶ್ವರನ ದರ್ಶನವೆಂದು ಮನೆಯಲ್ಲಿ ಹೇಳಬಹುದು.

ನಿನ್ನ ಅವ್ವನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಆರಿಸಿ ಮುಗಿಸಿದಳು. ಆಮೇಲೆ, ‘ಆ ಹೆಸರು ಒಂದು ಈ ಮನೇಲಿ ತೆಗೀಬ್ಯಾಡ್ರಿ. ಜೋಮು ಅಂದ್ರೆ ಜೋಮು’ ಎಂದಳು. ನಾನು ಉಂಡ ತಟ್ಟೆಯಲ್ಲೇ ಅವಳು ಉಣ್ಣುವ ಪದ್ಧತಿ ಮೊದಲಿನಿಂದಲೂ ಇದೆಯಲ್ಲ, ಅದನ್ನು ಬಿಟ್ಟಿಲ್ಲ. ಈಗ ಬಡಿಸಿಕೊಳ್ಳುವ ಮೊದಲು ಎದ್ದು ಹೋಗಿ ತಟ್ಟೆಗೆ ಬಿಸಿನೀರು ಹಾಕಿ ತೊಳೆದುಕೊಂಡು ಬರುತ್ತಾಳೆ. ನಾನು ಪೇಪರ್ ಓದುತ್ತಿರುತ್ತೇನೆ.

ಇಷ್ಟೇ ಆಗಿದ್ದರೆ ನೀನು ಬಂದು ಇರುತ್ತಿದ್ದೆ, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಂಡೆಯ ಕಥೆ ಮಲೆಬೆನ್ನೂರಿಗೆ ಬಂದುಬಿಟ್ಟಿದೆ. ಬೀಗರು ನನಗೆ ಬರೆದ ಪತ್ರ ಮುಂದೆಯೇ ಇದೆ. ‘ತಮ್ಮಂಥ ಶರಣರ ಸಂಬಂಧ ನಮಗೆ ಒದಗಿದ್ದು ಹಿರಿಯರ ಪುಣ್ಯ’ ಎಂದಿದ್ದಾರೆ. ಇಪ್ಪತ್ತಾರನೆಯ ತಾರೀಖು ಕುಬುಸ ಇಟ್ಟುಕೊಂಡು, ನೆಂಟರ ಎದುರಿಗೆ ಆ ಕೈಯಿಂದಲೇ ನಿನ್ನನ್ನು ಹರಸಬೇಕಂತೆ. ಹೆರಿಗೆಯ ನಂತರ ಅವರ ಕಡೆಯವರು ಕೈ ಮುಟ್ಟಿಸಿಕೊಳ್ಳಲು ನಮ್ಮ ಮನೆಗೆ ಬಂದುಹೋಗುತ್ತಾರಂತೆ. ಕೈಯನ್ನು ಇಷ್ಟು ಜನ ನೋಡಲು ಬಂದರೆ, ಒಬ್ಬರಿಗಾದರೂ ಅದು ಕಾಣದೆ ಇರುವುದಿಲ್ಲ. ಕಿರುಬೆರಳು ಆಗಲೇ ಸ್ವಲ್ಪ ಮಡಚಿಕೊಂಡಿದೆ. ಕಂಡ ದಿನ ನನ್ನನ್ನು ಏನೆಂದರೂ ಸರಿ. ಅವರ ಸೊಸೆ ನೀನು. ಹುಟ್ಟುವುದು ಅವರ ಮನೆಯ ಕೂಸು. ಡಾಕ್ಟರ ಮಾತನ್ನು ಜಗಲಿಯ ಮೇಲೆ ಓದಿದರೆ ಯಾರು ಕೇಳುತ್ತಾರೆ?

ಆದ್ದರಿಂದ ನೀನು ಬರದೆ ಅಲ್ಲೇ ಹೆರುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಆದರೆ ಮೊದಲ ಹೆರಿಗೆಗೆ ಮಗಳನ್ನು ಕರೆಯದ ತವರು ಎಂದರೆ ಬೀಗರಿಗೆ ದೊಡ್ಡ ಅವಮಾನ. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಒಪ್ಪುವಂಥ ಒಂದು ನೆಪ ನನಗೆ ಹೊಳೆದಿಲ್ಲ. ಈ ಮಾತನ್ನು ಎತ್ತಿದ ದಿನ ನಿನ್ನ ಅವ್ವ ಸುಣ್ಣ ಹೊಡೆಸಿದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬರುವುದೋ ಬಿಡುವುದೋ ನೀನು ನಿರ್ಧರಿಸು. ಬಂದರೆ ಡಾಕ್ಟರು ಹೇಳಿದಂತೆ ನಡೆದುಕೊಳ್ಳುತ್ತೇವೆ. ಬರದಿದ್ದರೆ ನಾನು ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ.

ಚಂದ್ರಿಗೆ ಕೊಂಬೆ ಹಾಕಿದೆ. ಎರಡು ತುದಿಯಲ್ಲೂ ಕಚ್ಚು ಕಡಿದು ಜಾಲರಿಯ ಚೌಕಟ್ಟಿಗೆ ಸಿಕ್ಕಿಸಿದ್ದೇನೆ. ಮೂಸಿ ನೋಡಿದೆ, ಉಪ್ಪಿನ ವಾಸನೆಯೂ ಇಲ್ಲ, ಬೂಸ್ಟಿನ ವಾಸನೆಯೂ ಇಲ್ಲ, ಬಿಸಿಲಿನದು ಮಾತ್ರ. ಚಂದ್ರಿ ಇನ್ನೂ ಅದರ ಮೇಲೆ ಕೂತಿಲ್ಲ. ದೂರದಿಂದ ಅನುಮಾನದಲ್ಲಿ ನೋಡುತ್ತಿದೆ.

ನಿನಗೆ ಸುಖವಾಗಲಿ.

ಅಪ್ಪಾಜಿ

ಮಾಬೂಬೀಗೆ ವಿಷಯ ಗೊತ್ತು. ಖಾಜಾ ಕೈ ನೋಡಿದವನೇ, ತನ್ನ ಮಾವನಿಗೂ ಹೀಗೇ ಇತ್ತು, ಮಾತ್ರೆ ತಿಂದು ಆರಾಮಾಗಿ ಅಂಗಡಿ ನಡೆಸ್ತಾನೆ, ಬಿಡ್ರಿ ಎಂದ. ಅದಕ್ಕೇ ಅವರ ಮನೆಗೆ ಹೋಗಿ ಕೂತರೆ ನಾನು ಏನನ್ನೂ ಮುಚ್ಚಿಡಬೇಕಾಗಿಲ್ಲ, ಆರಾಮ ಎನಿಸುತ್ತದೆ.


ದಾವಣಗೆರೆ
೪ ಮಾರ್ಚ್ ೧೯೮೪

ಕಸ್ತೂರಿ,

ಕುಬುಸ ಮುಗಿಸಿ ಬಂದ ಮಾರನೆಯ ದಿನವೇ ಬರೆಯಬೇಕಾಗಿತ್ತು. ಮಾಬೂಬೀ ಸಂತೆಗೆ ಹೊರಡುವುದನ್ನು ಕಾಯುತ್ತಿದ್ದೆ ಎಂದು ಹೇಳಬಹುದು. ನಿಜವಾಗಿ ಏನನ್ನು ಕಾಯುತ್ತಿದ್ದೆನೋ ತಿಳಿಯದು. ಕ್ಷಮಿಸು.

ಹರಿಹರದ ಡಾಕ್ಟರು ನಿನ್ನನ್ನು ನೋಡಿ ಏನೂ ಇಲ್ಲವೆಂದರೆಂದು ಮಾಬೂಬೀ ಆಗಲೇ ಬಂದು ಹೇಳಿದ್ದಳು. ನಿನ್ನ ಅವ್ವ ದೇವರ ಕೋಣೆಗೆ ಹೋದಳು. ನಾನು ಗೂಡಿನ ಕಸ ಗುಡಿಸಿದೆ.

ಕುಬುಸದ ದಿನ ನಿಮ್ಮ ನಡುಮನೆಯಲ್ಲಿ ಅಷ್ಟು ಜನ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ಗದ್ದೆಯ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದವರೂ ಇದ್ದರು. ನೀನು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೆ. ನನ್ನ ಕಡೆ ನೋಡಲಿಲ್ಲ. ಪತ್ರದ ಮಾತು ನಿನ್ನ ಮನಸ್ಸಿನಲ್ಲಿದೆಯೆಂದು ಅದರಿಂದಲೇ ತಿಳಿಯಿತು. ಬೀಗರು ಎಲ್ಲರಿಗೂ ಕೇಳುವ ಹಾಗೆ ಹಂಡೆಯ ಕಥೆ ಹೇಳಿದರು. ಅವರ ಕಥೆಯಲ್ಲಿ ನಾನು ಮೊಳಕೈವರೆಗೆ ಕೈ ಹಾಕಿದ್ದೆ, ಬಾಯಲ್ಲಿ ಪಂಚಾಕ್ಷರಿ ಮಂತ್ರವಿತ್ತು. ಗಿಳಿ, ಕೊಂಬೆ ಎರಡೂ ಅದರಲ್ಲಿ ಇರಲಿಲ್ಲ. ಬಟ್ಟೆ ಬಿಚ್ಚಿರೆಂದರು. ಇರಲಿ, ಗಾಯ ಪೂರ್ತಿ ಮಾಗಿಲ್ಲ ಎಂದೆ. ಯಾರೋ ಹಿಂದಿನಿಂದ, ದೊಡ್ಡವರು ಹಾಗೇ, ತೋರಿಸಿಕೊಳ್ಳುವುದಿಲ್ಲ ಎಂದರು.

ತಲೆಯ ಮೇಲೆ ಇಡೋಣವೆಂದು ಕೈ ಎತ್ತಿದೆ. ನಮ್ಮ ಜೊತೆಗೇ ಬಂದಿದ್ದ ಚೌಡವ್ವ ತಡೆದಳು.

‘ತಲೆ ಮ್ಯಾಲಲ್ರಿ ಮೇಷ್ಟ್ರೇ, ಹೊಟ್ಟೆ ಮ್ಯಾಲೆ ಇಡ್ರಿ. ಕೂಸಿಗೆ ತಾಗಬೇಕಲ್ಲ.’

ಹೆಂಗಸರು ನಕ್ಕರು. ಗಂಡಸರು ಬೇರೆ ಕಡೆ ನೋಡಿದರು. ನನ್ನ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಆಗ ನೀನು ತಲೆಯೆತ್ತಿದೆ. ಎರಡೂ ಕೈಯಿಂದ ನನ್ನ ಬಲಗೈಯನ್ನು ಹಿಡಿದು, ಬಟ್ಟೆ ಕಟ್ಟಿದ್ದನ್ನು ಹಾಗೇ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಬಹಳ ಹೊತ್ತು ಬಿಡಲಿಲ್ಲ. ಹಸಿರು ಬಳೆಗಳ ಸದ್ದು ಕೇಳುತ್ತಿತ್ತು. ಹೆದರಿದವಳು ಹಾಗೆ ಹಿಡಿಯುವುದಿಲ್ಲವೆಂದು ನಾನು ಅಂದುಕೊಂಡೆ.

ಊಟವಾದ ಮೇಲೆ ಬೀಗರು ಬಂಡಿ ಕಟ್ಟಿಸಲೋ, ಬಸ್ಸಿಗೆ ಹೋಗುತ್ತೀರೋ ಎಂದು ನಿನ್ನನ್ನು ಕಳಿಸುವ ಮಾತೆತ್ತಿದರು. ನಿನ್ನ ಅವ್ವ ನಿನ್ನ ಸೀರೆಗಳನ್ನು ಮಡಿಸಿ ಚೀಲಕ್ಕೆ ಇಡುತ್ತಿದ್ದಳು. ನೀನು ಬಾಗಿಲಲ್ಲಿ ನಿಂತು ಹೇಳಿದೆ:

‘ನಾನು ಇಲ್ಲೇ ಇರ್ತೀನ್ರಿ ಮಾವಾರೆ. ಅಪ್ಪಾಜೀ ಕೈ ಇಟ್ಟಾತಲ್ಲ, ಇನ್ನ ಎಲ್ಲಿ ಹಡೆದ್ರೂ ಒಂದೇ. ಅವ್ವನೇ ಇಲ್ಲಿಗೆ ಬರ್ಲಿ.’

ಪಂಚಾಕ್ಷರಪ್ಪನವರಿಗೆ ಆದ ಸಂತೋಷವನ್ನು ನೀನೂ ನೋಡಿದೆ. ಶರಣರ ಮೊಮ್ಮಗ ತಮ್ಮ ಮನೆಯಲ್ಲೇ ಹುಟ್ಟುತ್ತಾನೆ ಎಂದು ಅವರು ಎದ್ದು ನಿಂತು ನೆಂಟರಿಗೆ ಹೇಳಿದರು. ಯಾರಿಗೂ ಅವಮಾನವಾಗಲಿಲ್ಲ, ಯಾರೂ ಯಾಕೆ ಎಂದು ಕೇಳಲಿಲ್ಲ. ಹರಕೆ ಹೊತ್ತವರನ್ನು ಅಪ್ಪಾಜಿಯ ಹತ್ತಿರ ಕಳಿಸಬೇಡಿ, ಅವರಿಗೆ ಅದು ಸೇರುವುದಿಲ್ಲ ಎಂದೂ ನೀನು ಬೀಗರನ್ನು ಒಪ್ಪಿಸಿದೆಯಂತೆ, ನಿನ್ನ ಅವ್ವ ಹೇಳಿದಳು. ಅಷ್ಟು ದಿನ ನನಗೆ ಹೊಳೆಯದ ನೆಪ ನಿನಗೆ ಒಂದು ಮಾತಿನಲ್ಲಿ ಹೊಳೆಯಿತು. ಇದಕ್ಕಿಂತ ಚೆನ್ನಾಗಿ ಯಾರೂ ಮಾಡಲಾರರು. ನಾನೇ ಬರೆದಿದ್ದೆ, ಬರದಿದ್ದರೆ ಒಳ್ಳೆಯದೆಂದು.

ನಿನ್ನ ಅವ್ವ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಸೀಟು ಸಿಕ್ಕಿತ್ತು. ಹೊಳೆಯ ಸೇತುವೆ ದಾಟುವಾಗ ಅವಳು, ಕೋಣೆಗೆ ಸುಣ್ಣ ಹೊಡೆಸಿದ್ದು ವ್ಯರ್ಥವಾಯಿತು ಎಂದಳು. ಭತ್ತದ ಚೀಲ ಇಡಬಹುದು ಎಂದೆ. ಬರುವ ವಾರ ಅವಳು ನಿನ್ನ ಬಾಣಂತನಕ್ಕೆಂದು ಬರುತ್ತಾಳೆ. ಅಂಟಿನುಂಡೆಯ ಸಾಮಾನು ಮಂಡಿಪೇಟೆಯಿಂದ ತಂದಾಗಿದೆ. ಎಷ್ಟು ದಿನ ಇರುತ್ತಾಳೆಂದು ಅವಳು ಹೇಳಲಿಲ್ಲ. ನಾನು ಅಡಿಗೆ ಮಾಡಿಕೊಳ್ಳುತ್ತೇನೆ, ಒಲೆಯ ಹತ್ತಿರ ಎಡಗೈಯನ್ನೇ ಬಳಸುವುದು ರೂಢಿಯಾಗುತ್ತಿದೆ. ಪಾತ್ರೆ ಮುಟ್ಟುವ ಮೊದಲು ಕಣ್ಣಿನಿಂದ ನೋಡಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ. ಬಲಗೈಯಿಂದ ಏನು ಮಾಡಿದರೂ ಅದನ್ನು ನೋಡುತ್ತಲೇ ಮಾಡಬೇಕು. ಇದನ್ನು ಬರೆಯುವಾಗಲೂ ಹಾಗೇ, ಪೆನ್ನು ಬೆರಳುಗಳ ನಡುವೆ ಇದೆಯೋ ಇಲ್ಲವೋ ಎಂದು ಆಗಾಗ ನೋಡಿಕೊಳ್ಳುತ್ತೇನೆ.

ಚಂದ್ರಿಯ ಕಾಲು ವಾಸಿಯಾಗಿದೆ. ಈಗ ಕೊಂಬೆಯಿಂದ ಇಳಿಯುವುದೇ ಇಲ್ಲ. ನಡುವಿನ ಗಂಟನ್ನು ಕಡಿದು ಕಡಿದು ಬೆರಳಿನಷ್ಟು ತೆಳ್ಳಗೆ ಮಾಡಿದೆ. ಗೂಡಿನ ಕೆಳಗೆ ದಿನಾ ಒಂದು ಹಿಡಿ ಕಟ್ಟಿಗೆ ಚೂರು. ಇನ್ನೊಂದು ಕೊಂಬೆ ಸಿದ್ಧ ಮಾಡಬೇಕು. ಕುದಿಸುವ ಕೆಲಸ ಖಾಜಾ ತಾನು ಮಾಡುತ್ತೇನೆಂದಿದ್ದಾನೆ.

ಗಾಳಿ ಬಿಸಿಯಾಗತೊಡಗಿದೆ. ಮಧ್ಯಾಹ್ನ ಹೊರಗೆ ಓಡಾಡಬೇಡ. ನಿನಗೆ ಸುಸೂತ್ರವಾಗಿ ಹೆರಿಗೆಯಾಗಲಿ, ಹುಟ್ಟುವುದು ಗಂಡೋ ಹೆಣ್ಣೋ, ಆರೋಗ್ಯವಾಗಿರಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ. ಬೀಗರಿಗೆ ಅಂಚೆಯಲ್ಲಿ ಬೇರೆ ಬರೆದಿದ್ದೇನೆ.

ಅಪ್ಪಾಜಿ

ಇನ್ನೊಂದು ಮಾತು. ನೀನು ನನ್ನ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಾಗ, ಬಗ್ಗಿ ನನಗೊಬ್ಬನಿಗೇ ಕೇಳುವ ಹಾಗೆ, ‘ಒದೀತು ಅಪ್ಪಾಜಿ, ಗೊತ್ತಾತಾ?’ ಎಂದೆ. ನಾನು ಹೂಂ ಎಂದೆ. ನಕ್ಕೆ ಕೂಡ. ನನಗೆ ಏನೂ ಗೊತ್ತಾಗಿರಲಿಲ್ಲ. ನಿಜವಾಗಿ ಒದೆಯಿತೋ, ನನ್ನ ಸಮಾಧಾನಕ್ಕೆ ಹಾಗೆ ಅಂದೆಯೋ, ಬರೆ. ಹೇಗೆ ಒದೆಯಿತು, ಜೋರಾಗಿಯೋ ಮೆಲ್ಲಗೋ, ಅದನ್ನೂ ಬರೆ. ಇದಕ್ಕೆ ಮಾಬೂಬೀಯನ್ನು ಕಾಯಬೇಕಾಗಿಲ್ಲ, ಅಂಚೆಗೇ ಹಾಕು. ಜಗಲಿಯಲ್ಲಿ ಯಾರು ಓದಿದರೂ ಅದರಲ್ಲಿ ಅವರಿಗೆ ತಿಳಿಯುವಂಥದ್ದು ಏನೂ ಇರುವುದಿಲ್ಲ.